ಆಡದೇ ಉಳಿದ ಪಂದ್ಯಗಳು

(2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕಾಲೇಜೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಬೋರ್ಡಿನ ಮೇಲೆ ಎರಡು ಸ್ಕೋರು ಬರೆದಿದ್ದೇನೆ, ನೋಡಿ. ಒಂದು 15–0. ಇನ್ನೊಂದು 0–10. ಎರಡೂ ಒಂದೇ ತಂಡದ್ದು, ಒಂದೇ ಕ್ರೀಡಾಕೂಟದ್ದು. 2014ರ ಸೆಪ್ಟೆಂಬರ್, ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ನಡೆದ ಏಷ್ಯನ್ ಗೇಮ್ಸ್. ನಮ್ಮ ಮಹಿಳಾ ಫುಟ್‌ಬಾಲ್ ತಂಡ ಮೊದಲು ಮಾಲ್ಡೀವ್ಸ್ ಮೇಲೆ 15 ಗೋಲು ಹೊಡೆಯಿತು. ಆಮೇಲೆ ದಕ್ಷಿಣ ಕೊರಿಯಾ ಕೈಯಲ್ಲಿ 10 ಗೋಲು ತಿಂದಿತು. ಅದಾದ ಮೇಲೆ ಥಾಯ್ಲೆಂಡ್ ಕೈಯಲ್ಲಿ ಮತ್ತೆ 10.

ಈಗ ಹೇಳಿ, ಈ ತಂಡ ಒಳ್ಳೆಯದಾ, ಕೆಟ್ಟದ್ದಾ?

ಹಿಂದಿನ ಬೆಂಚಿನವರು ನಗುತ್ತಿದ್ದೀರಿ. ನಾನೂ ಮೊದಲು ನಕ್ಕಿದ್ದೆ. ಈ ತಂಡದ ದಾಖಲೆ ಪಟ್ಟಿ ಪೂರ್ತಿ ಹೀಗೇ ಇದೆ. ಅತಿ ದೊಡ್ಡ ಗೆಲುವು 18–0, ಭೂತಾನ್ ವಿರುದ್ಧ, 2010ರಲ್ಲಿ. ಅತಿ ದೊಡ್ಡ ಸೋಲು 0–16, ಚೀನಾ ವಿರುದ್ಧ, 1998ರಲ್ಲಿ. ಇಂಥ ಅಂಕಿಗಳನ್ನು ಸುಮ್ನೆ ಓದಿದರೆ ತಲೆ ಕೆಡುತ್ತದೆ. ಆಡಿದ ಪಂದ್ಯಗಳ ಪಟ್ಟಿ ಹಿಡಿದುಕೊಂಡು ಕೂತರೆ ಈ ತಂಡದ ಕಥೆ ಸಿಗುವುದಿಲ್ಲ. ಆಡದೇ ಹೋದ ಪಂದ್ಯಗಳನ್ನೂ ಲೆಕ್ಕ ಹಾಕಬೇಕು. ಇವತ್ತು ನಾನು ಮಾತಾಡುವುದು ಅದರ ಬಗ್ಗೆಯೇ.

ಹಳೆಯದರಿಂದ ಶುರು ಮಾಡೋಣ. ಹೆಣ್ಣುಮಕ್ಕಳ ಫುಟ್‌ಬಾಲ್ ನಮ್ಮಲ್ಲಿ ನಿನ್ನೆ ಮೊನ್ನೆ ಬಂತು ಎಂದುಕೊಂಡಿರುವವರು ತುಂಬಾ ಜನ. ಹಾಗಲ್ಲ. 1975ರಲ್ಲೇ ಭಾರತ ಮಹಿಳಾ ಫುಟ್‌ಬಾಲ್ ಒಕ್ಕೂಟ ಅಂತ ಒಂದು ಸಂಸ್ಥೆ ಹುಟ್ಟಿಕೊಂಡಿತ್ತು. ಇದು ಗಂಡಸರ ಫುಟ್‌ಬಾಲ್ ನಡೆಸುವ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್, ಅಂದರೆ ಎಐಎಫ್‌ಎಫ್‌ನ ಭಾಗ ಆಗಿರಲಿಲ್ಲ, ಬೇರೆಯೇ ಮನೆ, ಬೇರೆಯೇ ಒಲೆ. ಏಷ್ಯಾ ಮಟ್ಟದಲ್ಲೂ ಹಾಗೇ ಇತ್ತು. ಮಹಿಳೆಯರ ಏಷ್ಯಾ ಟೂರ್ನಿಯನ್ನು ಶುರು ಮಾಡಿದ್ದು ಮಹಿಳಾ ಫುಟ್‌ಬಾಲ್‌ಗೆಂದೇ ಇದ್ದ ಪ್ರತ್ಯೇಕ ಸಂಘಟನೆ. ಆ ಟೂರ್ನಿ 1980ರಲ್ಲಿ ನಡೆದದ್ದು ಎಲ್ಲಿ ಗೊತ್ತಾ? ನಮ್ಮ ಪಕ್ಕದ ಕಲ್ಲಿಕೋಟೆಯಲ್ಲಿ. ಮಂಗಳೂರಿನಿಂದ ರೈಲು ಹತ್ತಿದರೆ ಒಂದು ನಿದ್ದೆ ಮುಗಿಯುವಷ್ಟರಲ್ಲಿ ಸಿಗುವ ಊರು.

ಅಲ್ಲಿ ಭಾರತ ಒಂದಲ್ಲ, ಎರಡು ತಂಡ ಇಳಿಸಿತ್ತು. ಇಂಡಿಯಾ ಎಸ್ ಮತ್ತು ಇಂಡಿಯಾ ಎನ್. ಅದರಲ್ಲಿ ಎಸ್ ತಂಡ ಫೈನಲ್‌ಗೆ ಹೋಯಿತು. ತೈವಾನ್ ಎದುರು 0–2ರಲ್ಲಿ ಸೋತು ಎರಡನೇ ಸ್ಥಾನ ಪಡೆಯಿತು. ಈ ತೈವಾನ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. ಮೂರನೇ ಸ್ಥಾನ ಬಂದದ್ದು ವೆಸ್ಟರ್ನ್ ಆಸ್ಟ್ರೇಲಿಯಾಕ್ಕೆ. ಹೌದು, ಒಂದು ದೇಶವಲ್ಲ, ಒಂದು ರಾಜ್ಯದ ತಂಡ ಬಂದು ಏಷ್ಯಾ ಟೂರ್ನಿ ಆಡಿ ಹೋಗಿತ್ತು. ಆಗಿನ ಕಾಲ ಹಾಗಿತ್ತು. ಬಂದವರಿಗೆ ಊಟ ಹಾಕಿ ಆಡಿಸುತ್ತಿದ್ದ ಕಾಲ.

ಮರುವರ್ಷ ಹಾಂಗ್‌ಕಾಂಗ್‌ನಲ್ಲಿ ಭಾರತಕ್ಕೆ ಮೂರನೇ ಸ್ಥಾನ. 1983ರಲ್ಲಿ ಥಾಯ್ಲೆಂಡ್‌ನಲ್ಲಿ ಮತ್ತೆ ಫೈನಲ್, ಆತಿಥೇಯರ ಎದುರು ಸೋತು ಮತ್ತೆ ಎರಡನೇ ಸ್ಥಾನ. ಮೂರು ಟೂರ್ನಿ, ಮೂರೂ ಸಲ ಮೊದಲ ಮೂರರಲ್ಲಿ. ಆ ವರ್ಷವೇ ಬಂಗಾಳದ ಶಾಂತಿ ಮಲ್ಲಿಕ್ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಮಹಿಳಾ ಫುಟ್‌ಬಾಲ್ ಆಟಗಾರ್ತಿಗೆ ಅದು ಸಿಕ್ಕಿದ್ದು ಅದೇ ಮೊದಲು. ಆ ತಲೆಮಾರಿನಲ್ಲಿ ಕರ್ನಾಟಕದವರೂ ಇದ್ದರು. ಗೋಲ್‌ಕೀಪರ್ ಚಿತ್ರಾ ಗಂಗಾಧರನ್. ಏಷ್ಯನ್ ಆಲ್ ಸ್ಟಾರ್ ತಂಡಕ್ಕೆ ಆಯ್ಕೆಯಾದವರು. ಕೈ ಎತ್ತಿ, ಈ ಹೆಸರು ಮೊದಲೇ ಕೇಳಿದವರು ಎಷ್ಟು ಜನ? ಎರಡು ಕೈ. ಆ ಎರಡರಲ್ಲಿ ಒಂದು ನನ್ನ ಗೆಳತಿಯದು, ಅವಳನ್ನು ಬಿಡಿ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಆ ಎರಡನೇ ಸ್ಥಾನಗಳನ್ನು ತೀರಾ ಹೊಗಳಿ ಅಟ್ಟಕ್ಕೇರಿಸುವುದು ಬೇಡ. ಚೀನಾ ಆಗ ಇನ್ನೂ ಬಂದಿರಲಿಲ್ಲ. ಎರಡೂ ಕೊರಿಯಾ ಬಂದಿರಲಿಲ್ಲ. ಜಪಾನ್ ಆಗಷ್ಟೇ ಕಣ್ಣು ಬಿಡುತ್ತಿತ್ತು. ಆದರೆ ಎಲ್ಲರೂ ಆಗ ಒಂದೇ ಗೆರೆಯ ಮೇಲೆ ನಿಂತಿದ್ದರು, ನಾವು ಅರ್ಧ ಹೆಜ್ಜೆ ಮುಂದೆಯೇ ಇದ್ದೆವು. ಇಷ್ಟಂತೂ ನಿಜ.

ಆಮೇಲೆ ಏನಾಯಿತು? ನಾವು ಹೋಗಲೇ ಇಲ್ಲ. 1986ರ ಏಷ್ಯಾ ಟೂರ್ನಿಗೆ ಭಾರತ ಇಲ್ಲ. 1989ರಲ್ಲಿ ಇಲ್ಲ. 1991, 1993, ಇಲ್ಲ. ಮತ್ತೆ ಕಾಣಿಸಿಕೊಂಡಿದ್ದು 1995ರಲ್ಲಿ. 12 ವರ್ಷ. ಒಬ್ಬ ಹುಡುಗಿ ಹತ್ತು ವರ್ಷಕ್ಕೆ ಚೆಂಡು ಮುಟ್ಟಿ ಇಪ್ಪತ್ತೆರಡಕ್ಕೆ ಒಳ್ಳೆಯ ಆಟಗಾರ್ತಿ ಆಗುವಷ್ಟು ಕಾಲ. ಅದೇ 12 ವರ್ಷದಲ್ಲಿ ಚೀನಾ ಏನು ಮಾಡಿತು? 1986ರಲ್ಲಿ ಮೊದಲ ಸಲ ಬಂತು, ಗೆದ್ದಿತು. 1989, 1991, 1993, ಎಲ್ಲವನ್ನೂ ಗೆದ್ದಿತು. 1991ರಲ್ಲಿ ಮಹಿಳೆಯರ ಮೊದಲ ವಿಶ್ವಕಪ್ಪನ್ನೇ ತನ್ನ ನೆಲದಲ್ಲಿ ನಡೆಸಿತು. ನಮ್ಮಲ್ಲಿ ಆ ಹೊತ್ತಿಗೆ ಒಕ್ಕೂಟ ಹೋಗಿ ಎಐಎಫ್‌ಎಫ್‌ನೊಳಗೆ ಸೇರಿಕೊಂಡಿತು. ಹೊಸ ಮನೆಯಲ್ಲಿ ಹಿತ್ತಲ ಕೋಣೆ ಸಿಕ್ಕಿತು ಅಂತ ಹೇಳಬಹುದು.

ಈಗ 0–16ಕ್ಕೆ ಬರೋಣ. 1998ರ ಡಿಸೆಂಬರ್, ಬ್ಯಾಂಕಾಕ್ ಏಷ್ಯನ್ ಗೇಮ್ಸ್. ಈ ಸ್ಕೋರನ್ನು ಎಲ್ಲರೂ ನಾಚಿಕೆಯಿಂದ ಹೇಳುತ್ತಾರೆ. ಆ ಚೀನಾ ತಂಡ ಯಾವುದು ಎಂದು ಯಾರೂ ಹೇಳುವುದಿಲ್ಲ. ಅದು 1996ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡ. ನಮ್ಮನ್ನು ಸೋಲಿಸಿ ಏಳು ತಿಂಗಳಿಗೆ, 1999ರ ಜುಲೈನಲ್ಲಿ, ಅಮೆರಿಕದ ರೋಸ್ ಬೌಲ್‌ನಲ್ಲಿ 90 ಸಾವಿರ ಜನರ ಮುಂದೆ ವಿಶ್ವಕಪ್ ಫೈನಲ್ ಆಡಿತು. ಗೋಲೇ ಇಲ್ಲದೆ ಮುಗಿದ ಆ ಪಂದ್ಯವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಅಂಥವರ ಎದುರು, ಅಷ್ಟು ವರ್ಷ ಮನೆಯಲ್ಲಿ ಕೂತಿದ್ದ ತಂಡವೊಂದು ನಿಂತಿತ್ತು. ಆ ಹದಿನಾರು ಗೋಲನ್ನು ಆವತ್ತು ಮೈದಾನದಲ್ಲಿದ್ದ ಹುಡುಗಿಯರ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಅವುಗಳಲ್ಲಿ ಹೆಚ್ಚಿನವು 1983ರಿಂದ 1995ರ ನಡುವೆಯೇ ಬಿದ್ದಿದ್ದವು.

ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಿಟಿ ಟೀಚರ್ ಆಗಿದ್ದವಳು. ಒಂದು ಶಾಲೆಯಲ್ಲಿ, ಹೆಸರು ಬೇಡ, ಆಟದ ಸಾಮಾನಿನ ಬೀರುವಿನಲ್ಲಿ ಎರಡು ಫುಟ್‌ಬಾಲ್ ಇದ್ದವು. ಹೆಣ್ಣುಮಕ್ಕಳಿಗೆ ಥ್ರೋಬಾಲ್, ಖೋಖೋ. ಅದೇ ವಾಡಿಕೆ. ಒಂದಿನ ಎಂಟನೇ ಕ್ಲಾಸಿನ ನಾಲ್ಕು ಹುಡುಗಿಯರು ಬಂದು, 'ಮಿಸ್, ನಮಗೂ ಆ ಚೆಂಡು ಕೊಡಿ' ಅಂದರು. ಕೊಟ್ಟೆ. ಮರುದಿನ ಬೀರುವಿಗೆ ಬೀಗ, ಕೀ ಹೆಡ್‌ಮಾಸ್ಟರ್ ಹತ್ತಿರ. ಬೈಯಲಿಲ್ಲ, ಬೇಡ ಅನ್ನಲೂ ಇಲ್ಲ. ಕೀ ಕೇಳಿದಾಗಲೆಲ್ಲ 'ನಾಳೆ ನೋಡೋಣ ಮೇಡಂ' ಅಷ್ಟೇ. ಆ ನಾಳೆ ನಾನು ವರ್ಗವಾಗಿ ಹೋಗುವವರೆಗೂ ಬರಲಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಇಂಗ್ಲೆಂಡಿನಲ್ಲಿ 1921ರಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆ ಹೆಣ್ಣುಮಕ್ಕಳಿಗೆ ತನ್ನ ಕ್ಲಬ್‌ಗಳ ಮೈದಾನ ಕೊಡಬಾರದು ಎಂದು ನಿಷೇಧ ಹಾಕಿತು. ಸುಮಾರು ಐವತ್ತು ವರ್ಷ ಅದು ಇತ್ತು. ಬ್ರೆಜಿಲ್‌ನಲ್ಲಿ 1941ರಿಂದ 1979ರವರೆಗೆ ಕಾನೂನೇ ಅಡ್ಡ ಇತ್ತು. ನಮ್ಮಲ್ಲಿ ಯಾರೂ ನಿಷೇಧ ಹಾಕಲಿಲ್ಲ. 'ನಾಳೆ ನೋಡೋಣ' ಅಂದರು, ಅಷ್ಟೇ. ನಿಷೇಧ ಇದ್ದರೆ ಒಂದು ದಿನ ಹೋರಾಡಿ ತೆಗೆಸಬಹುದು. ಮರೆವನ್ನು ಹೇಗೆ ತೆಗೆಸುತ್ತೀರಿ?

ಇರಲಿ. ಆ ಮರೆವಿನ ಕಾಲದಲ್ಲೂ ಆಟವನ್ನು ಜೀವಂತ ಇಟ್ಟದ್ದು ಮಣಿಪುರ. ರಾಷ್ಟ್ರೀಯ ಮಹಿಳಾ ಚಾಂಪಿಯನ್‌ಷಿಪ್ಪನ್ನು ಆ ಚಿಕ್ಕ ರಾಜ್ಯ ಇಪ್ಪತ್ತಕ್ಕೂ ಜಾಸ್ತಿ ಸಲ ಗೆದ್ದಿದೆ. ಅಲ್ಲಿನ ಬೆಂಬೆಮ್ ದೇವಿ ಚಿಕ್ಕವಳಿದ್ದಾಗ ಹುಡುಗರ ತಂಡದಲ್ಲಿ ಜಾಗ ಸಿಗಲಿ ಎಂದು ಹುಡುಗನ ಹೆಸರು ಹೇಳಿಕೊಂಡು ಆಡುತ್ತಿದ್ದರಂತೆ. ಮುಂದೆ ಭಾರತ ತಂಡದ ನಾಯಕಿಯಾದರು. 2017ರಲ್ಲಿ ಅರ್ಜುನ, 2020ರಲ್ಲಿ ಪದ್ಮಶ್ರೀ. ಅವರ ಹಿಂದೆಯೇ ಬಂದವರು ಬಾಲಾ ದೇವಿ. ಗೋಲು ಹೊಡೆಯುವುದು ಅವರಿಗೆ ರೊಟ್ಟಿ ತಟ್ಟಿದಷ್ಟು ಸಲೀಸು. 2020ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ ಸೇರಿ ಅಲ್ಲೂ ಗೋಲು ಹೊಡೆದರು.

ಇಷ್ಟೆಲ್ಲ ಇದ್ದೂ 2009ರಲ್ಲಿ ಭಾರತದ ಹೆಸರು ಫಿಫಾ ರ‍್ಯಾಂಕಿಂಗ್ ಪಟ್ಟಿಯಿಂದಲೇ ಬಿದ್ದುಹೋಯಿತು. ಸೋತಿದ್ದಕ್ಕಲ್ಲ. 18 ತಿಂಗಳಿಗೂ ಹೆಚ್ಚು ಕಾಲ ಒಂದೂ ಅಂತರರಾಷ್ಟ್ರೀಯ ಪಂದ್ಯ ಆಡದೇ ಇದ್ದುದಕ್ಕೆ. ಎಷ್ಟು ಸೋತರೂ ಪಟ್ಟಿಯ ತಳದಲ್ಲಾದರೂ ಹೆಸರು ಇರುತ್ತದೆ. ಆಡದವರಿಗೆ ತಳವೂ ಇಲ್ಲ.

2010ರಿಂದ ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿ ಶುರುವಾಯಿತು. ಕಾಕ್ಸ್ ಬಜಾರ್, ಕೊಲಂಬೊ, ಇಸ್ಲಾಮಾಬಾದ್, ಸಿಲಿಗುರಿ, ಬಿರಾಟ್‌ನಗರ. ಐದು ಸಲ ನಡೆಯಿತು, ಐದೂ ಸಲ ಭಾರತ ಗೆದ್ದಿತು. ಜೊತೆಗೆ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ 2010, 2016, 2019ರ ಮೂರು ಚಿನ್ನ. ಆ ಕಪ್ಪುಗಳ ಸಾಲು ಕಂಡರೆ ಯಾರಿಗಾದರೂ ಖುಷಿ ಆಗುತ್ತದೆ. ನನಗೂ ಆಗಿತ್ತು. ಆದರೆ ಬೀದಿಯ ಮಕ್ಕಳ ಜೊತೆ ಮಾತ್ರ ಆಡಿ ಗೆಲ್ಲುತ್ತಿದ್ದ ಹುಡುಗಿಗೆ ಜಿಲ್ಲಾ ಮಟ್ಟದಲ್ಲಿ ಏನಾಗುತ್ತದೆ ಎಂದು ಯಾವ ಪಿಟಿ ಟೀಚರ್‌ಗೂ ಗೊತ್ತು. ಇಂಚಿಯಾನ್‌ನ ಆ 15–0 ಮತ್ತು 0–10 ಇದೇ ಕಾಲದ್ದು. ನಡುವಿನ ಮಟ್ಟದ ತಂಡಗಳ ಜೊತೆ, ಅಂದರೆ 1–2, 2–2 ಥರ ಮುಗಿಯುವ ಪಂದ್ಯಗಳು, ಅವು ನಮಗೆ ಸಿಗುತ್ತಲೇ ಇರಲಿಲ್ಲ. ಕಲಿಯುವುದು ಅಂಥ ಪಂದ್ಯಗಳಲ್ಲಿ ತಾನೇ?

ಅಂಥವು ಸಿಕ್ಕಿದಾಗ ಏನಾಯಿತು ನೋಡಿ. 2018ರ ನವೆಂಬರ್‌ನಲ್ಲಿ ಮ್ಯಾನ್ಮಾರ್‌ನಲ್ಲಿ ಒಲಿಂಪಿಕ್ ಅರ್ಹತಾ ಪಂದ್ಯಗಳು. ಭಾರತ ಮೊದಲ ಸಲ ಎರಡನೇ ಸುತ್ತಿಗೆ ಹೋಯಿತು. 2019ರ ಏಪ್ರಿಲ್‌ನಲ್ಲಿ ಮಂಡಾಲೆಯಲ್ಲಿ ಇಂಡೋನೇಷ್ಯಾವನ್ನು 2–0, ನೇಪಾಳವನ್ನು 3–1ರಲ್ಲಿ ಸೋಲಿಸಿತು. ಕೊನೆಗೆ ಮ್ಯಾನ್ಮಾರ್ ಜೊತೆ, ಅವರದೇ ಮೈದಾನದಲ್ಲಿ, 3–3. ಅಂಕ ಸಮ, ಗೋಲು ವ್ಯತ್ಯಾಸದಲ್ಲಿ ಮ್ಯಾನ್ಮಾರ್ ಮುಂದೆ ಹೋಯಿತು. ಇಲ್ಲಿ ಯಾವ ಕಪ್ಪೂ ಸಿಗಲಿಲ್ಲ. ಆದರೂ ನನ್ನನ್ನು ಕೇಳಿದರೆ ಐದು ಸ್ಯಾಫ್ ಕಪ್ಪಿಗಿಂತ ಆ 3–3 ದೊಡ್ಡದು.

2021ರ ನವೆಂಬರ್‌ನಲ್ಲಿ ಇನ್ನೊಂದು ಪಂದ್ಯ. ಬ್ರೆಜಿಲ್‌ನ ಮನಾಸ್ ಊರಿನಲ್ಲಿ, ಬ್ರೆಜಿಲ್ ಎದುರೇ. ಗೌತಮಪುರದವರು ಯಾರಾದರೂ ಇದ್ದೀರಾ? ನಿಮ್ಮ ಬೀದಿಯಲ್ಲಿ ಪೆಲೆ ಪ್ರತಿಮೆ ಇದೆ, ವಿಶ್ವಕಪ್ ಬಂದರೆ ಇಡೀ ಬೀದಿ ಹಳದಿ ಆಗುತ್ತದೆ. ಆ ಬ್ರೆಜಿಲ್ ನೆಲದಲ್ಲಿ, ಪಂದ್ಯ ಶುರುವಾದ ಮೊದಲ ನಿಮಿಷದಲ್ಲೇ ಗೋಲು ತಿಂದ ಮೇಲೆ, ಪಂಜಾಬಿನ ಹೋಷಿಯಾರ್‌ಪುರ ಜಿಲ್ಲೆಯ ಹಳ್ಳಿ ಹುಡುಗಿ ಮನೀಷಾ ಕಲ್ಯಾಣ್ ಎಡಗಡೆಯಿಂದ ನುಗ್ಗಿ ಹೋಗಿ ಗೋಲು ಹೊಡೆದಳು. ಕೊನೆಗೆ 1–6ರಲ್ಲಿ ಸೋತೆವು, ನಿಜ. ಅದು ಏಳು ವಿಶ್ವಕಪ್ ಆಡಿದ ಫೊರ್ಮೀಗಾ ಅವರ ಬೀಳ್ಕೊಡುಗೆ ಪಂದ್ಯ. ಸ್ಟೇಡಿಯಂ ಪೂರ್ತಿ ಅವರಿಗಾಗಿ ಬಂದಿತ್ತು. ಆದರೆ ಆ ಕೆಲವು ನಿಮಿಷ ಸ್ಕೋರ್‌ಬೋರ್ಡ್ 1–1 ತೋರಿಸುತ್ತಿತ್ತು. ನಾನು ಬೆಳಗಿನ ಜಾವ ಎದ್ದು ಮೊಬೈಲಿನಲ್ಲಿ ಅದನ್ನು ನೋಡುತ್ತಾ ಒಬ್ಬಳೇ ಚಪ್ಪಾಳೆ ತಟ್ಟಿದೆ. ಮನೆಯವರು ಹಾಲು ಉಕ್ಕಿತೇನೋ ಅಂತ ಎದ್ದು ಬಂದರು.

ಆ ಪ್ರವಾಸ ಎಲ್ಲ ಯಾತಕ್ಕೆ ನಡೆದಿತ್ತು? 2022ರ ಜನವರಿಯ ಏಷ್ಯಾ ಕಪ್ಪಿಗೆ. ಆತಿಥೇಯರು ನಾವೇ. ಮುಂಬೈ, ನವಿ ಮುಂಬೈ, ಪುಣೆ. 2003ರ ನಂತರ ಭಾರತ ಮತ್ತೆ ಏಷ್ಯಾ ಕಪ್ಪಿಗೆ ಬಂದಿತ್ತು, ಆತಿಥೇಯರು ಅನ್ನುವ ಕಾರಣಕ್ಕೆ. ಚೆನ್ನಾಗಿ ಆಡಿದರೆ ವಿಶ್ವಕಪ್ ದಾರಿ ಅಲ್ಲೇ ಇತ್ತು. ಜನವರಿ 20, ಇರಾನ್ ಜೊತೆ 0–0. ಜನವರಿ 23, ತೈವಾನ್ ಎದುರು ಆಡಬೇಕು. ಕ್ರೀಡಾಕೂಟಗಳಲ್ಲಿ ಅದನ್ನು ಚೈನೀಸ್ ತೈಪೆ ಅನ್ನುತ್ತಾರೆ. ಕಲ್ಲಿಕೋಟೆಯ ಅದೇ ತೈವಾನ್.

ಆ ಪಂದ್ಯ ನಡೆಯಲಿಲ್ಲ. ಶಿಬಿರದೊಳಗೆ ಕೊರೊನಾ ಹರಡಿತ್ತು. ಪಂದ್ಯಕ್ಕೆ ಕನಿಷ್ಠ 13 ಆಟಗಾರ್ತಿಯರು ಬೇಕು ಎನ್ನುವುದು ನಿಯಮ. ಅಷ್ಟು ಜನ ಆಡುವ ಸ್ಥಿತಿಯಲ್ಲಿ ಇರಲಿಲ್ಲ. ಭಾರತ ಟೂರ್ನಿಯಿಂದ ಹಿಂದೆ ಸರಿಯಿತು ಅಂತ ಘೋಷಿಸಿದರು. ಇರಾನ್ ಜೊತೆಗಿನ ಡ್ರಾ ಕೂಡ ಲೆಕ್ಕದಿಂದ ಅಳಿಸಿಹೋಯಿತು. ನಮ್ಮದೇ ನೆಲದ ಟೂರ್ನಿಯನ್ನು ನಮ್ಮ ಹುಡುಗಿಯರು ಹೋಟೆಲ್ ಕೋಣೆಯ ಟಿವಿಯಲ್ಲಿ ನೋಡಬೇಕಾದ ಸ್ಥಿತಿ. ಇದಕ್ಕೆ ಇನ್ನೇನೂ ಸೇರಿಸುವುದಿಲ್ಲ.

ಅದೇ ವರ್ಷದ ಆಗಸ್ಟ್‌ನಲ್ಲಿ ಫಿಫಾ ಎಐಎಫ್‌ಎಫ್‌ ಅನ್ನು ಹನ್ನೊಂದು ದಿನ ಅಮಾನತು ಮಾಡಿತು. ಆಡಳಿತದವರ ಜಗಳ. ಪೆಟ್ಟು ಬಿದ್ದದ್ದು ಯಾರಿಗೆ? ಗೋಕುಲಂ ಕೇರಳ ಕ್ಲಬ್ಬಿನ ಹೆಣ್ಣುಮಕ್ಕಳಿಗೆ. ಏಷ್ಯಾ ಕ್ಲಬ್ ಟೂರ್ನಿ ಆಡಲು ಉಜ್ಬೇಕಿಸ್ತಾನಕ್ಕೆ ಹೋಗಿ ಇಳಿದಿದ್ದರು, ಆಡದೇ ವಾಪಸ್ ಬಂದರು. ಈ ಗೋಕುಲಂ ತಂಡ ಮೊದಲ ಸಲ ದೇಶದ ಮಹಿಳಾ ಲೀಗ್ ಗೆದ್ದದ್ದು ನಮ್ಮ ಬೆಂಗಳೂರಿನಲ್ಲೇ, 2020ರ ಫೆಬ್ರವರಿಯಲ್ಲಿ. ನಮ್ಮ ಕಿಕ್‌ಸ್ಟಾರ್ಟ್ ತಂಡವೂ 2023ರಲ್ಲಿ ಆ ಲೀಗಿನ ಫೈನಲ್‌ವರೆಗೆ ಹೋಗಿ ಅವರ ಕೈಯಲ್ಲೇ ಸೋತಿತು.

2022ರ ಸೆಪ್ಟೆಂಬರ್‌ನಲ್ಲಿ ಕಠ್ಮಂಡುವಿನ ಸ್ಯಾಫ್ ಟೂರ್ನಿಯಲ್ಲಿ ಬಾಂಗ್ಲಾದೇಶ ನಮ್ಮನ್ನು 3–0ಯಲ್ಲಿ ಮಣಿಸಿತು. ಸೆಮಿಫೈನಲ್‌ನಲ್ಲಿ ನೇಪಾಳ 1–0. ಕಪ್ಪು ಬಾಂಗ್ಲಾದೇಶಕ್ಕೆ. 2024ರಲ್ಲೂ ಅದೇ ಕಥೆ, ನೇಪಾಳ ಎದುರು ಪೆನಾಲ್ಟಿಯಲ್ಲಿ ಸೋಲು, ಕಪ್ಪು ಮತ್ತೆ ಬಾಂಗ್ಲಾದೇಶಕ್ಕೆ. ನಮ್ಮವರು ಕೆಟ್ಟುಹೋದರು ಅಂತ ತುಂಬಾ ಜನ ಬರೆದರು. ನನಗೆ ಹಾಗೆ ಅನ್ನಿಸಲಿಲ್ಲ. ಬಾಂಗ್ಲಾದವರು ಹುಡುಗಿಯರನ್ನು ಢಾಕಾದಲ್ಲಿ ಒಂದೇ ಕಡೆ ಇಟ್ಟು ವರ್ಷವಿಡೀ ತರಬೇತಿ ಕೊಟ್ಟರು. ನಮ್ಮಲ್ಲಿ ಟೂರ್ನಿ ಬಂದಾಗ ಶಿಬಿರ, ಮುಗಿದ ಮೇಲೆ ಊರು.

2024ರ ಆ ಟೂರ್ನಿಯಲ್ಲೇ ಆಶಾಲತಾ ದೇವಿ 100ನೇ ಅಂತರರಾಷ್ಟ್ರೀಯ ಪಂದ್ಯ ಆಡಿದರು. ಭಾರತದ ಮಹಿಳೆಯರಲ್ಲಿ ಮೊದಲಿಗರು. ಅಮೆರಿಕದ ಕ್ರಿಸ್ಟೀನ್ ಲಿಲ್ಲಿ ನಿವೃತ್ತಿಯಾದಾಗ ಆಡಿದ್ದ ಪಂದ್ಯ 354. ನಡುವೆ ಎಷ್ಟು ಅಂತರ ಅಂತ ನೀವೇ ಕಳೆಯಿರಿ. ಆ 254 ಪಂದ್ಯಗಳೇ ನಾನು ಆಗಿನಿಂದ ಹೇಳುತ್ತಿರುವುದು.

ಈಗ ಚಿಯಾಂಗ್ ಮಾಯ್. ಉತ್ತರ ಥಾಯ್ಲೆಂಡಿನ ಊರು. ಈ ವರ್ಷದ ಜೂನ್ ಕೊನೆ, ಜುಲೈ ಮೊದಲ ವಾರ. 2026ರ ಏಷ್ಯಾ ಕಪ್ಪಿನ ಅರ್ಹತಾ ಸುತ್ತು. ಗುಂಪಿನಲ್ಲಿ ಒಬ್ಬರಿಗೆ ಮಾತ್ರ ಟಿಕೆಟ್. ಕೋಚ್ ಕ್ರಿಸ್ಪಿನ್ ಛೆಟ್ರಿ. ಮಂಗೋಲಿಯಾ ಮೇಲೆ 13–0, ಅದರಲ್ಲಿ ಒಡಿಶಾದ ಪ್ಯಾರಿ ಕ್ಸಾಕ್ಸಾ ಒಬ್ಬಳದೇ ಐದು. ಟಿಮೋರ್ ಮೇಲೆ 4–0. ಇರಾಕ್ ಮೇಲೆ 5–0. ಇದೆಲ್ಲ ಹಳೆಯ ಕಥೆಯೇ, ದುರ್ಬಲರ ಮೇಲೆ ರಾಶಿ ಗೋಲು. ಥಾಯ್ಲೆಂಡ್ ಕೂಡ ಅವರನ್ನೆಲ್ಲ ಅಷ್ಟೇ ಹೊಡೆದಿತ್ತು. ಕೊನೆಯ ಪಂದ್ಯಕ್ಕೆ ಬರುವಾಗ ಇಬ್ಬರ ಅಂಕವೂ ಸಮ, ಗೋಲಿನ ಲೆಕ್ಕವೂ ಸಮ. ತಕ್ಕಡಿ ಆಚೆ ಈಚೆ ಅಲ್ಲಾಡದ ಹಾಗೆ.

ಜುಲೈ 5. ಥಾಯ್ಲೆಂಡ್ ಎರಡು ವಿಶ್ವಕಪ್ ಆಡಿದ ತಂಡ, ರ‍್ಯಾಂಕಿಂಗ್‌ನಲ್ಲಿ ನಮಗಿಂತ ಎಷ್ಟೋ ಮೇಲೆ, ಮೈದಾನವೂ ಅವರದೇ. 29ನೇ ನಿಮಿಷದಲ್ಲಿ ಸಂಗೀತಾ ಬಾಸ್‌ಫೋರ್ ದೂರದಿಂದ ಒಂದು ಹೊಡೆತ ಹೊಡೆದರು. 1–0. ಬ್ರೇಕ್ ಮುಗಿಯುತ್ತಿದ್ದಂತೆ ಥಾಯ್ಲೆಂಡ್ ಸಮ ಮಾಡಿತು. ಇಲ್ಲೇ, ಈ ಜಾಗದಲ್ಲೇ, ಹಳೆಯ ತಂಡ ಕುಸಿಯುತ್ತಿತ್ತು. 74ನೇ ನಿಮಿಷದಲ್ಲಿ ಮತ್ತೆ ಸಂಗೀತಾ, ಈ ಸಲ ತಲೆಯಿಂದ. 2–1. ಉಳಿದ ಹೊತ್ತು ಎಲ್ಲರೂ ಸೇರಿ ಗೋಲು ಕಾದರು.

ಈ ಸಂಗೀತಾ ಬಂಗಾಳದ ಕಲ್ಯಾಣಿಯವರು. ಮಿಡ್‌ಫೀಲ್ಡರ್, ಗೋಲು ಹೊಡೆಯುವುದು ಅವರ ದಿನದ ಕೆಲಸವೇ ಅಲ್ಲ. ನೌಕರಿ ಸಶಸ್ತ್ರ ಸೀಮಾ ಬಲದಲ್ಲಿ. ನಮ್ಮ ಆಟಗಾರ್ತಿಯರಲ್ಲಿ ತುಂಬಾ ಜನ ಹೀಗೇ, ಪೊಲೀಸ್, ರೈಲ್ವೆ, ಗಡಿಪಡೆ. ಫುಟ್‌ಬಾಲ್ ಒಂದನ್ನೇ ನೆಚ್ಚಿಕೊಂಡರೆ ಮನೆ ನಡೆಯುವುದು ಕಷ್ಟ.

ಬೋರ್ಡು ಇನ್ನೊಮ್ಮೆ ನೋಡಿ. 2014ರಲ್ಲಿ ಥಾಯ್ಲೆಂಡ್ ಎದುರು 0–10. 2025ರಲ್ಲಿ 2–1. ಅರ್ಹತಾ ಸುತ್ತು ಗೆದ್ದು ಭಾರತ ಏಷ್ಯಾ ಕಪ್ಪಿಗೆ ಹೋಗುತ್ತಿರುವುದು ಇದೇ ಮೊದಲು. ಹಿಂದೆಲ್ಲ ಬಾಗಿಲು ತೆರೆದೇ ಇರುತ್ತಿತ್ತು, ಇಲ್ಲವೇ ಮನೆ ನಮ್ಮದೇ ಆಗಿತ್ತು. ಈ ನಡುವೆ 2024ರ ಫೆಬ್ರವರಿಯಲ್ಲಿ ಟರ್ಕಿಯಲ್ಲಿ ಎಸ್ಟೋನಿಯಾವನ್ನು 4–3ರಲ್ಲಿ ಸೋಲಿಸಿದ್ದೂ ಇದೆ, ಯುರೋಪಿನ ತಂಡವೊಂದರ ಮೇಲೆ ಮೊದಲ ಗೆಲುವು. 4–3, 3–3, 2–1. ಗಮನಿಸಿದಿರಾ? ಸ್ಕೋರುಗಳು ಮನುಷ್ಯರ ಸ್ಕೋರಿನ ಥರ ಕಾಣಲು ಶುರುವಾಗಿವೆ.

ಆಸ್ಟ್ರೇಲಿಯಾದಲ್ಲಿ ಮುಂದಿನ ಮಾರ್ಚ್‌ನಲ್ಲಿ ಟೂರ್ನಿ. ಬಾಂಗ್ಲಾದೇಶವೂ ಮೊದಲ ಸಲ ಅಲ್ಲಿರುತ್ತದೆ. ನಮ್ಮ ಗುಂಪಿನಲ್ಲಿ ಜಪಾನ್ ಇದೆ. ಅದರ ಎದುರು ಏನಾಗುತ್ತದೆ ಅಂತ ನನ್ನನ್ನು ಕೇಳಬೇಡಿ, 2023ರಲ್ಲಿ 0–7 ಆಗಿತ್ತು. ವಿಯೆಟ್ನಾಂ ಇದೆ, ಅವರು ಕಳೆದ ವಿಶ್ವಕಪ್ ಆಡಿದವರು. ಈ ಎರಡೂ ಪಂದ್ಯ ಪರ್ತ್‌ನಲ್ಲಿ, ಅಂದರೆ ಕಲ್ಲಿಕೋಟೆಗೆ ಬಂದಿದ್ದ ಆ ವೆಸ್ಟರ್ನ್ ಆಸ್ಟ್ರೇಲಿಯಾದಲ್ಲೇ. 46 ವರ್ಷದ ಮೇಲೆ ಅವರ ಊರಿಗೆ ನಾವು ಹೋಗುತ್ತಿದ್ದೇವೆ.

ಗುಂಪಿನ ಕೊನೆಯ ಪಂದ್ಯ ಮಾರ್ಚ್ 10ಕ್ಕೆ, ಸಿಡ್ನಿಯಲ್ಲಿ. ಎದುರಾಳಿ ಯಾರು ಅಂತ ಊಹಿಸಿ.

ಹೌದು, ಚೈನೀಸ್ ತೈಪೆ. ನವಿ ಮುಂಬೈಯಲ್ಲಿ ನಡೆಯದೇ ಉಳಿದ ಪಂದ್ಯ. ಮಧ್ಯೆ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಒಮ್ಮೆ ಸಿಕ್ಕಿದ್ದರು, 1–2ರಲ್ಲಿ ಸೋತೆವು. ಏಷ್ಯಾ ಕಪ್ಪಿನ ಬಾಕಿ ಇನ್ನೂ ಹಾಗೇ ಇದೆ. ನಾನಂತೂ ಆವತ್ತು ಟಿವಿ ಮುಂದೆ ಇರುತ್ತೇನೆ. ಪ್ರಶ್ನೆ ಇದ್ದವರು ಈಗ ಕೇಳಬಹುದು. ಆ ಹಿಂದಿನ ಬೆಂಚಿನವರು ಮೊದಲು.